ಕೊಂಬೆ ಎಲ್ಲಿರಬೇಕು, ಏಕಿರಬೇಕು

ಮೊದಲ ಕೊಂಬೆ ಮರದ ಎತ್ತರದ ಮೂರನೇ ಒಂದು ಭಾಗದಷ್ಟು ಮೇಲೆ ಬರಬೇಕು. ಎರಡನೆಯದು ಅದಕ್ಕಿಂತ ತುಸು ಮೇಲೆ, ಎದುರು ಬದಿಗೆ. ಮೂರನೆಯದು ಹಿಂದಕ್ಕೆ. ನೋಡುವವರ ಕಣ್ಣಿಗೆ ಚುಚ್ಚುವಂತೆ ಯಾವ ಕೊಂಬೆಯೂ ನೇರ ಮುಂದಕ್ಕೆ ಚಾಚಬಾರದು. ಒಂದೇ ಮಟ್ಟದಿಂದ ಎರಡೂ ಕಡೆಗೆ ಕೊಂಬೆ ಹೊರಡಬಾರದು. ಕಾಂಡ ಬುಡದಲ್ಲಿ ದಪ್ಪಗಿದ್ದು ಮೇಲೆ ಹೋದಂತೆ ಸಣ್ಣಗಾಗಬೇಕು. ಬುಡದ ದಪ್ಪದ ಆರು ಪಟ್ಟು ಎತ್ತರವಿದ್ದರೆ ಲಕ್ಷಣ. ತಟ್ಟೆಯ ಆಳ ಕಾಂಡದ ದಪ್ಪದಷ್ಟು, ಉದ್ದ ಮರದ ಎತ್ತರದ ಮೂರನೇ ಎರಡರಷ್ಟು. ಮರವನ್ನು ತಟ್ಟೆಯ ನಟ್ಟನಡುವೆ ನೆಡಬಾರದು. ನೆತ್ತಿ ನೋಡುವವರ ಕಡೆಗೆ ಸ್ವಲ್ಪ ಬಾಗಿರಬೇಕು.

ಬೋನ್ಸಾಯ್ ತರಗತಿಗೆ ಸೇರಿದವರೆಲ್ಲ ಮೊದಮೊದಲು ಇವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಕೆಲವರು ಅಲ್ಲಿಗೇ ಬೇಸತ್ತು ಬಿಟ್ಟುಬಿಡುತ್ತಾರೆ. ಗಿಡಕ್ಕೆ ಎಲ್ಲಿಯ ಕಾನೂನು, ತನ್ನಿಷ್ಟಕ್ಕೆ ಬೆಳೆದರೆ ತಾನೆ ಚೆಂದ ಎನ್ನುವುದು ಅವರ ವಾದ. ಇನ್ನು ಕೆಲವರು ಅಳತೆಪಟ್ಟಿ ಹಿಡಿದು ಕೂತು, ಒಂದಿಂಚು ಕೆಳಗೆ ಬಂತೆಂದು ಒಳ್ಳೆಯ ಕೊಂಬೆಯನ್ನೇ ಕತ್ತರಿಸಿ ಹಾಕುತ್ತಾರೆ. ಎರಡೂ ಸರಿಯಲ್ಲ. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ಈ ವಿದ್ಯೆಗೆ ಕೈಹಾಕಿದವಳು ನಾನು. ನಿಯಮಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ನನಗೆ ಕಂಡದ್ದು ಇಷ್ಟು: ಮುದಿ ಮರಗಳನ್ನು ತಲೆಮಾರುಗಟ್ಟಲೆ ನೋಡಿದವರು ಉಳಿಸಿಹೋದ ಟಿಪ್ಪಣಿಗಳು ಇವು. ಮರಕ್ಕೆ ವಯಸ್ಸಾದಾಗ ಏನೇನಾಗುತ್ತದೆ ಎನ್ನುವುದೇ ಇವುಗಳ ಒಟ್ಟು ವಿಷಯ. ಕಾರಣ ಗೊತ್ತಾದರೆ ನಿಯಮ ತಾನಾಗಿ ನೆನಪಿರುತ್ತದೆ, ಎಲ್ಲಿ ಅದನ್ನು ಬಿಡಬಹುದು ಎನ್ನುವುದೂ ತಿಳಿಯುತ್ತದೆ.

ಬುಡದಿಂದ ಶುರುಮಾಡೋಣ. ಎಳೆಯ ಗಿಡದ ಕಾಂಡ ನೆಲದಿಂದ ನೆಟ್ಟಗೆ ಎದ್ದಿರುತ್ತದೆ, ಬೇರು ಕಾಣುವುದಿಲ್ಲ. ವರ್ಷ ಕಳೆದಂತೆ ಬುಡದ ಬೇರುಗಳು ಬಲಿಯುತ್ತವೆ, ಮೇಲಿನ ಮಣ್ಣು ಮಳೆಗೆ ಸವೆಯುತ್ತದೆ, ಬೇರುಗಳು ಸುತ್ತಲೂ ಚಾಚಿ ನೆಲ ಹಿಡಿದಿರುವುದು ಕಾಣತೊಡಗುತ್ತದೆ. ಊರಿನ ಅರಳಿಕಟ್ಟೆಯ ಕಲ್ಲುಗಳನ್ನೇ ಎಬ್ಬಿಸಿದ ಬೇರುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಈ ಹರವಿಗೆ ಜಪಾನಿನವರು ನೆಬಾರಿ ಎನ್ನುತ್ತಾರೆ, ನಮ್ಮ ತರಗತಿಗಳಲ್ಲೂ ಅದೇ ಮಾತು ಓಡುತ್ತದೆ. ಬೇರುಗಳು ಎಲ್ಲ ದಿಕ್ಕಿಗೂ ಹರಡಿರಬೇಕು, ಒಂದರ ಮೇಲೊಂದು ಹೊರಳಿರಬಾರದು ಎನ್ನುವುದು ನಿಯಮ. ಕೊಂಬೆಯನ್ನು ಕೆಲವೇ ವರ್ಷಗಳಲ್ಲಿ ಹೊಸದಾಗಿ ಬೆಳೆಸಿಕೊಳ್ಳಬಹುದು. ಒಳ್ಳೆಯ ಬುಡ ಅಷ್ಟು ಬೇಗ ಬರುವುದಿಲ್ಲ. ಆದ್ದರಿಂದಲೇ ಅನುಭವಸ್ಥರು ನರ್ಸರಿಯಲ್ಲಿ ಎಲೆಯ ಚೆಂದಕ್ಕೆ ಮರುಳಾಗದೆ ಬೆರಳಿನಿಂದ ಮಣ್ಣು ಸರಿಸಿ ಬುಡ ನೋಡುತ್ತಾರೆ.

ಇನ್ನು ಆರಕ್ಕೆ ಒಂದರ ಅಳತೆ. ಮರ ಪ್ರಾಯದಲ್ಲಿ ಬೆಳಕಿಗಾಗಿ ಪೈಪೋಟಿಗೆ ಬಿದ್ದು ಎತ್ತರಕ್ಕೆ ಏರುತ್ತದೆ. ಒಂದು ಹಂತ ದಾಟಿದ ಮೇಲೆ ಎತ್ತರ ಹೆಚ್ಚುವುದು ನಿಲ್ಲುತ್ತದೆ, ಸುತ್ತಳತೆ ಹೆಚ್ಚುವುದು ನಿಲ್ಲುವುದಿಲ್ಲ. ತೊಗಟೆಯ ಕೆಳಗಿರುವ ಕ್ಯಾಂಬಿಯಂ ಎಂಬ ತೆಳ್ಳನೆಯ ಜೀವಪದರ ಮರ ಬದುಕಿರುವವರೆಗೂ ಒಳಗೆ ಹೊಸ ಕಟ್ಟಿಗೆಯನ್ನು, ಹೊರಗೆ ಹೊಸ ತೊಗಟೆಯನ್ನು ಕಟ್ಟುತ್ತಲೇ ಇರುತ್ತದೆ. ಹೀಗಾಗಿ ಎತ್ತರಕ್ಕೆ ಹೋಲಿಸಿದರೆ ದಪ್ಪ ಹೆಚ್ಚಿದ್ದಷ್ಟೂ ಅದು ಹಳೆಯ ಮರವೆಂದು ನಮ್ಮ ಕಣ್ಣು ತೀರ್ಮಾನಿಸುತ್ತದೆ. ಎರಡಂಗುಲ ಬುಡದ ಗಿಡ ಒಂದಡಿ ಎತ್ತರವಿದ್ದರೆ ಮರದಂತೆ ಕಾಣುತ್ತದೆ, ಅದೇ ಬುಡಕ್ಕೆ ಮೂರಡಿ ಎತ್ತರವಿದ್ದರೆ ಸಸಿಯಂತೆ ಕಾಣುತ್ತದೆ. ಹತ್ತು ವರ್ಷದ ಗಿಡದಲ್ಲಿ ನೂರು ವರ್ಷದ ಭಾವ ತರುವ ಲೆಕ್ಕ ಇದು.

ಕೊಂಬೆಯ ನಿಯಮಗಳ ಹಿಂದೆ ಇರುವುದು ಚಳಿನಾಡಿನ ಬೆಟ್ಟದ ಪೈನ್ ಮರ. ಅದರ ಕೆಳಗಿನ ಕೊಂಬೆಗಳು ನೆರಳಿಗೆ ಸಿಕ್ಕಿ ಒಣಗಿ ಉದುರುತ್ತವೆ, ಬುಡದ ಕಡೆಯ ಒಂದು ಪಾಲು ಬೋಳಾಗುತ್ತದೆ. ಉಳಿದವುಗಳಲ್ಲಿ ಎಲ್ಲಕ್ಕಿಂತ ಕೆಳಗಿನದು ಎಲ್ಲಕ್ಕಿಂತ ಹಿರಿಯದು, ಹಾಗಾಗಿ ದಪ್ಪ ಮತ್ತು ಉದ್ದ. ಪ್ರತಿ ಚಳಿಗಾಲದಲ್ಲೂ ಹಿಮದ ಭಾರ ಹೊತ್ತು ಹೊತ್ತು ಅದು ಕೆಳಕ್ಕೆ ಜಗ್ಗುತ್ತದೆ. ತುದಿಯ ಕಡೆಯವು ಎಳೆಯವು, ಇನ್ನೂ ಬೆಳಕಿನ ಕಡೆಗೆ ಮುಖ ಎತ್ತಿರುತ್ತವೆ. ಬೋನ್ಸಾಯ್‌ನಲ್ಲಿ ಮೊದಲ ಕೊಂಬೆ ಎಲ್ಲಕ್ಕಿಂತ ದಪ್ಪಗಿರಬೇಕು, ತುಸು ಕೆಳಕ್ಕೆ ಬಾಗಿರಬೇಕು, ಮೇಲೆ ಹೋದಂತೆ ಕೊಂಬೆಗಳು ಗಿಡ್ಡವಾಗುತ್ತ ಒಂದಕ್ಕೊಂದು ಹತ್ತಿರವಾಗಬೇಕು ಎನ್ನುವುದೆಲ್ಲ ಇಲ್ಲಿಂದ ಬಂದದ್ದು. ಮನೆಯಲ್ಲಿ ಗಿಡ ಬೆಳೆಸುವಾಗ ಇದು ತಾನಾಗಿ ಆಗುವುದಿಲ್ಲ, ಬಹುಪಾಲು ಜಾತಿಗಳಲ್ಲಿ ಕಸುವೆಲ್ಲ ತುದಿಗೆ ಓಡುತ್ತದೆ. ತುದಿಯ ಮೊಗ್ಗಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಕೆಳಗಿನ ಮೊಗ್ಗುಗಳನ್ನು ತಡೆದು ಹಿಡಿದಿರುತ್ತದೆ ಎಂದು ಮಕ್ಕಳಿಗೆ ಪಾಠ ಮಾಡುತ್ತಿದ್ದೆವಲ್ಲ, ಅದೇ. ಅದಕ್ಕೇ ಬೋನ್ಸಾಯ್ ಮಾಡುವವರು ನೆತ್ತಿಯನ್ನು ಪದೇ ಪದೇ ಚಿವುಟುತ್ತಾರೆ, ಕೆಳಗಿನ ಕೊಂಬೆಯನ್ನು ಬೇಕಾದಷ್ಟು ದಪ್ಪಗಾಗುವವರೆಗೆ ಹರಿಯಬಿಡುತ್ತಾರೆ.

ಒಂದೇ ಮಟ್ಟದಲ್ಲಿ ಎದುರುಬದುರು ಕೊಂಬೆ ಬೇಡ ಎನ್ನುವುದಕ್ಕೂ ಇಂಥದೇ ಕಾರಣವಿದೆ. ಒಂದೇ ಕಡೆಯಿಂದ ಎರಡು ಮೂರು ಕೊಂಬೆ ಹೊರಟರೆ ಅಲ್ಲಿ ಕಾಂಡ ಗಂಟುಕಟ್ಟಿ ಊದಿಕೊಳ್ಳುತ್ತದೆ. ಆಗ ಕೆಳಭಾಗಕ್ಕಿಂತ ಮೇಲೆ ದಪ್ಪವಾಗಿ ಇಡೀ ಕಾಂಡದ ಇಳಿಜಾರು ಕೆಡುತ್ತದೆ. ಆಮೇಲೆ ಸರಿಪಡಿಸುವುದು ಬಲು ಕಷ್ಟ. ಹಿಂದಿನ ಕೊಂಬೆಯ ವಿಷಯ ಬೇರೆ, ಅದು ಕಣ್ಣಿಗೆ ಸಂಬಂಧಿಸಿದ್ದು. ಎಡಕ್ಕೆ ಬಲಕ್ಕೆ ಮಾತ್ರ ಕೊಂಬೆಗಳಿದ್ದರೆ ಮರ ಗೋಡೆಗೆ ಒತ್ತಿಟ್ಟಂತೆ ಚಪ್ಪಟೆಯಾಗುತ್ತದೆ. ಹಿಂದಕ್ಕೆ ಹೋದ ಒಂದೇ ಒಂದು ಕೊಂಬೆ ಎಲೆಗಳ ಸಂದಿನಲ್ಲಿ ಕಂಡೂ ಕಾಣದಂತಿದ್ದರೆ ಸಾಕು, ಮರಕ್ಕೆ ಆಳ ಬರುತ್ತದೆ. ಹೊಸಬರು ಸಾಮಾನ್ಯವಾಗಿ ಮರೆಯುವುದೂ ಇದನ್ನೇ.

ಈ ನೋಟದ ಚರಿತ್ರೆ ಚೀನಾದಿಂದ ಶುರುವಾಗುತ್ತದೆ. ಟಾಂಗ್ ವಂಶದ ರಾಜಕುಮಾರ ಜಾಂಗ್‌ಹುವಾಯ್‌ನ ಸಮಾಧಿ ಕ್ರಿ.ಶ. 706ರದ್ದು. ಅದರ ಗೋಡೆಚಿತ್ರದಲ್ಲಿ ಕಲ್ಲು ಮತ್ತು ಪುಟ್ಟ ಗಿಡಗಳಿರುವ ತಟ್ಟೆಯನ್ನು ಸೇವಕರು ಎತ್ತಿಕೊಂಡು ಹೋಗುತ್ತಿರುವುದು ಇವತ್ತಿಗೂ ಕಾಣುತ್ತದೆ. ಚೀನಾದವರು ಅದನ್ನು ಪೆನ್‌ಜಿಂಗ್ ಎಂದರು. ಜಪಾನಿಗೆ ಹೋದ ಮೇಲೆ ಅದು ಹೆಚ್ಚು ಹೆಚ್ಚಾಗಿ ಒಂಟಿ ಮರದ ಕಲೆಯಾಯಿತು. 1309ರ ಕಸುಗಾ ಗೊಂಗೆನ್ ಚಿತ್ರಸುರುಳಿಯಲ್ಲಿ ತಟ್ಟೆಯ ಗಿಡಗಳನ್ನು ಬರೆದಿದ್ದಾರೆ. ಹಾಚಿ ನೋ ಕಿ ಎಂಬ, ಜಪಾನಿನ ನೋ ರಂಗಪ್ರಕಾರದ ನಾಟಕದಲ್ಲಿ ಬಡ ಯೋಧನೊಬ್ಬ ಹಿಮ ಸುರಿಯುವ ರಾತ್ರಿ ಮನೆಗೆ ಬಂದ ಅತಿಥಿಗೆ ಬೆಂಕಿ ಕಾಯಿಸಲು ತಾನು ಮುದ್ದಿನಿಂದ ಬೆಳೆಸಿದ ಪ್ಲಮ್, ಚೆರಿ, ಪೈನ್ ಕುಂಡದ ಮರಗಳನ್ನೇ ಕಡಿದು ಒಲೆಗೆ ಹಾಕುತ್ತಾನೆ. ಚಿತ್ರಕಲೆಯ ಪಾಲೂ ಇದರಲ್ಲಿದೆ. ಚೀನಾದಲ್ಲಿ 1679ರಲ್ಲಿ ಮೊದಲ ಭಾಗ ಪ್ರಕಟವಾದ ಸಾಸಿವೆ ಕಾಳಿನ ತೋಟ ಎಂಬ ಹೆಸರಿನ ಚಿತ್ರಕಲಾ ಕೈಪಿಡಿ ಮರ ಬರೆಯುವುದು ಹೇಗೆ, ಕೊಂಬೆ ಎಲ್ಲಿ ತಿರುಗಬೇಕು, ಬೇರು ಹೇಗೆ ಕಾಣಬೇಕು ಎನ್ನುವುದನ್ನು ಹಂತ ಹಂತವಾಗಿ ಕಲಿಸುತ್ತದೆ. ಚೀನಾದ ಪಂಡಿತರು ಬರೆಯುತ್ತಿದ್ದ ಇಂಥ ಚಿತ್ರಗಳಿಂದ ಬಂದದ್ದು ಬುಂಜಿನ್ ಎಂಬ ಶೈಲಿ: ತೆಳ್ಳನೆಯ ಬಳುಕುವ ಕಾಂಡ, ತುದಿಯಲ್ಲಿ ಮಾತ್ರ ನಾಲ್ಕಾರು ಕೊಂಬೆ, ಚಿಕ್ಕ ದುಂಡು ಕುಂಡ. ನಾನು ಮೇಲೆ ಹೇಳಿದ ಅಳತೆಗಳಲ್ಲಿ ಮುಕ್ಕಾಲು ಪಾಲು ಅದಕ್ಕೆ ಅನ್ವಯಿಸುವುದಿಲ್ಲ. ಆದರೂ ಬೋನ್ಸಾಯ್ ಬಲ್ಲವರು ಅದನ್ನು ಬಹಳ ಗೌರವದಿಂದ ಕಾಣುತ್ತಾರೆ.

ಇವತ್ತು ಬೋನ್ಸಾಯ್ ಎಂದರೆ ಎಲ್ಲರೂ ಹೇಳುವ ಊರು ಓಮಿಯ, ಟೋಕಿಯೊದ ಉತ್ತರಕ್ಕಿರುವ ಸೈತಾಮಾ ನಗರದ ಒಂದು ಭಾಗ. 1923ರ ಭೂಕಂಪದಲ್ಲಿ ಟೋಕಿಯೊ ಸುಟ್ಟು ನೆಲಸಮವಾದಾಗ ಅಲ್ಲಿನ ಬೋನ್ಸಾಯ್ ಬೆಳೆಗಾರರು ಶುದ್ಧ ಗಾಳಿ, ಒಳ್ಳೆಯ ನೀರು ಮತ್ತು ವಿಸ್ತಾರವಾದ ಜಾಗ ಹುಡುಕಿಕೊಂಡು ಇಲ್ಲಿಗೆ ಬಂದು, 1925ರಲ್ಲಿ ಬೋನ್ಸಾಯ್ ಹಳ್ಳಿಯನ್ನೇ ಕಟ್ಟಿದರು. ಅವರು ತಮಗೆ ತಾವೇ ಹಾಕಿಕೊಂಡ ಕಟ್ಟುಪಾಡು ಕೇಳಿ: ಇಲ್ಲಿ ನೆಲೆಸುವವರು ಹತ್ತಾದರೂ ಬೋನ್ಸಾಯ್ ಇಟ್ಟುಕೊಂಡಿರಬೇಕು, ಯಾರು ಬಂದರೂ ನೋಡಲು ಬಿಡಬೇಕು, ಎರಡಂತಸ್ತಿನ ಮನೆ ಕಟ್ಟಬಾರದು, ಕಾಂಪೌಂಡಿಗೆ ಗಿಡದ ಬೇಲಿಯೇ ಇರಬೇಕು. ಅಲ್ಲಿನ ನರ್ಸರಿಗಳಲ್ಲಿ ಹಲವು ಈಗಲೂ ನಡೆಯುತ್ತಿವೆ. 2010ರಿಂದ ಸಾರ್ವಜನಿಕ ಬೋನ್ಸಾಯ್ ವಸ್ತುಸಂಗ್ರಹಾಲಯವೂ ಇದೆ. ಟೋಕಿಯೊದ ಉಯೆನೊದಲ್ಲಿ ನಡೆಯುವ ಕೊಕುಫು ಪ್ರದರ್ಶನ 1934ರಲ್ಲಿ ಶುರುವಾಯಿತು. ಅಲ್ಲಿ ಆಯ್ಕೆಯಾಗುವುದು ಜಪಾನಿನ ಬೆಳೆಗಾರನಿಗೆ ಜೀವಮಾನದ ಹೆಮ್ಮೆ.

ಅಲ್ಲಿನ ಶಿಷ್ಯರು ಪುಸ್ತಕದಿಂದ ಕಲಿಯುವವರಲ್ಲ. ಗುರುವಿನ ತೋಟದಲ್ಲೇ ಇದ್ದು, ಕಸ ಗುಡಿಸಿ, ಕಳೆ ಕಿತ್ತು, ನೀರು ಹಾಕುವುದನ್ನು ಕಲಿಯುವುದಕ್ಕೇ ಮೂರು ವರ್ಷ ಬೇಕು ಎನ್ನುವ ಮಾತು ಅವರಲ್ಲಿದೆ. ದಿನವೂ ನೂರಾರು ಮರಗಳ ನಡುವೆ ಓಡಾಡುವವನಿಗೆ ಮೊದಲ ಕೊಂಬೆ ಎಲ್ಲಿರಬೇಕೆಂದು ಯಾರೂ ಹೇಳಬೇಕಾಗಿಲ್ಲ. ಹೊರಗಿನವರಿಗೆ ಕಲಿಸುವ ಸಂದರ್ಭ ಬಂದಾಗ ಅದೇ ತಿಳಿವಳಿಕೆಯನ್ನು ಅಳತೆಯಾಗಿ, ಪಟ್ಟಿಯಾಗಿ ಹೇಳಬೇಕಾಯಿತು. ಯೂಜಿ ಯೋಶಿಮುರಾ 1952ರಲ್ಲಿ ಟೋಕಿಯೊದಲ್ಲಿ ವಿದೇಶಿಯರಿಗಾಗಿ ತರಗತಿ ತೆರೆದರು, 1957ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕ ತಂದರು. ಅಮೆರಿಕದಲ್ಲಿ ಹುಟ್ಟಿ ಜಪಾನಿನಲ್ಲಿ ಬೆಳೆದ ಜಾನ್ ನಾಕಾ ಲಾಸ್ ಏಂಜಲೀಸ್‌ನಲ್ಲಿ ಕಲಿಸುತ್ತ 1973ರಲ್ಲಿ ತಮ್ಮ ಪುಸ್ತಕದ ಮೊದಲ ಸಂಪುಟ ಪ್ರಕಟಿಸಿದರು. ನಮ್ಮ ದೇಶದ ತರಗತಿಗಳಲ್ಲಿ ಓಡಾಡುವ ನಿಯಮಗಳ ಪಟ್ಟಿಗೆ ಬಹುಮಟ್ಟಿಗೆ ಇಂಥ ಪುಸ್ತಕಗಳೇ ಮೂಲ. ವಿಶೇಷವೆಂದರೆ, ನಾಕಾ ಅವರೇ ತಮ್ಮ ಶಿಷ್ಯರಿಗೆ ಪಟ್ಟಿಗಿಂತ ಮರವನ್ನೇ ಹೆಚ್ಚು ತೋರಿಸಿದವರು. ಅವರ ಗೋಶಿನ್ ಎಂಬ ಪುಟ್ಟ ಕಾಡಿನಲ್ಲಿ ಹನ್ನೊಂದು ಜುನಿಪರ್ ಮರಗಳಿವೆ, ಒಬ್ಬೊಬ್ಬ ಮೊಮ್ಮಗುವಿಗೆ ಒಂದೊಂದು. 1984ರಲ್ಲಿ ಅದನ್ನು ವಾಷಿಂಗ್ಟನ್‌ನ ರಾಷ್ಟ್ರೀಯ ಬೋನ್ಸಾಯ್ ಸಂಗ್ರಹಕ್ಕೆ ಕೊಟ್ಟರು. ಕಾಡಿನ ಬೋನ್ಸಾಯ್‌ನಲ್ಲಿ ಮರಗಳು ಬೆಸಸಂಖ್ಯೆಯಲ್ಲಿರಬೇಕು ಎನ್ನುವ ನಿಯಮಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಬೆಸಸಂಖ್ಯೆಯಾದರೆ ಕಣ್ಣಿಗೆ ಗುಂಪನ್ನು ಎರಡು ಸಮಪಾಲು ಮಾಡಲು ಆಗುವುದಿಲ್ಲ.

ಅದೇ ಸಂಗ್ರಹದಲ್ಲಿ ಇನ್ನೊಂದು ಮರವಿದೆ, ಅದರ ಕತೆ ಹೇಳದೆ ಮುಂದೆ ಹೋಗಲಾರೆ. 1625ರಿಂದ ಕುಂಡದಲ್ಲಿ ಬೆಳೆದಿರುವ ಬಿಳಿ ಪೈನ್ ಅದು. ಹಿರೋಶಿಮಾದ ಮಸಾರು ಯಮಾಕಿ ಎಂಬವರ ತೋಟದಲ್ಲಿತ್ತು. 1945ರ ಆಗಸ್ಟ್ 6ರಂದು ಸುಮಾರು 3 ಕಿ.ಮೀ. ದೂರದಲ್ಲಿ ಅಣುಬಾಂಬ್ ಬಿತ್ತು. ಮನೆಯ ಕಿಟಕಿ ಗಾಜೆಲ್ಲ ಪುಡಿಯಾಯಿತು, ತೋಟದ ಗೋಡೆಯ ಮರೆಯಲ್ಲಿದ್ದ ಮರ ಉಳಿಯಿತು. 1976ರಲ್ಲಿ ಜಪಾನ್ ಅಮೆರಿಕಕ್ಕೆ ಉಡುಗೊರೆಯಾಗಿ ಕೊಟ್ಟ ಬೋನ್ಸಾಯ್‌ಗಳಲ್ಲಿ ಅದೂ ಒಂದು. 2001ರಲ್ಲಿ ಯಮಾಕಿಯವರ ಮೊಮ್ಮಕ್ಕಳು ಬಂದು ನೋಡಿ ಹೇಳುವವರೆಗೆ ಅದು ಬಾಂಬಿಗೆ ಎದೆಗೊಟ್ಟ ಮರವೆಂದು ಅಲ್ಲಿನವರಿಗೇ ತಿಳಿದಿರಲಿಲ್ಲ.

ಬೋನ್ಸಾಯ್ ಎಂದರೆ ಮರಕ್ಕೆ ಕೊಡುವ ಹಿಂಸೆ, ಕುಬ್ಜ ಗಿಡ ಮನೆಗೆ ಆಗಿಬರುವುದಿಲ್ಲ ಎನ್ನುವ ಮಾತು ನಮ್ಮಲ್ಲಿ ಬಹಳ ಕೇಳಿಬರುತ್ತದೆ. ನಮ್ಮ ಅತ್ತೆಯವರಿಗೂ ಆ ಶಂಕೆ ಇತ್ತು. ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಈ ಗಿಡದ ತಳಿ ಕುಬ್ಜವಲ್ಲ, ನೆಲಕ್ಕೆ ನೆಟ್ಟರೆ ಮತ್ತೆ ಎಲ್ಲ ಮರಗಳಂತೆ ಬೆಳೆಯುತ್ತದೆ. ಬೇರು ಕತ್ತರಿಸಿದಷ್ಟೂ ಹೊಸ ಸಣ್ಣ ಬೇರು ಬರುತ್ತದೆ, ನೀರು ಗೊಬ್ಬರ ಹೀರುವುದು ಆ ಎಳೆಯ ಬೇರುಗಳೇ. ಉಪವಾಸ ಕೆಡವಿದ ಗಿಡ ಬೋನ್ಸಾಯ್ ಆಗುವುದಿಲ್ಲ, ಸಾಯುತ್ತದೆ. ಕಾಲಕಾಲಕ್ಕೆ ಆರೈಕೆ ಮಾಡಿದ ಕುಂಡದ ಮರ ನಾಲ್ಕು ಶತಮಾನ ಬದುಕಬಲ್ಲದು ಎಂಬುದಕ್ಕೆ ಯಮಾಕಿಯವರ ಪೈನ್ ಸಾಕ್ಷಿ.

ಇನ್ನು ನನ್ನ ಹುಣಸೆಯ ವಿಷಯ. ನಂಜನಗೂಡಿನ ಕಡೆಯ ನಮ್ಮ ಹೊಲದ ಬದುವಿನಲ್ಲಿ ಒಂದು ಹುಣಸೆ ಗಿಡವಿತ್ತು. ಚಿಗುರಿದಾಗೆಲ್ಲ ಮೇಕೆಗಳು ಮೇಯ್ದು ಮೇಯ್ದು ಮೊಣಕಾಲೆತ್ತರ ಮೀರಿರಲಿಲ್ಲ, ಬುಡ ಮಾತ್ರ ಮಣಿಕಟ್ಟಿನಷ್ಟು ದಪ್ಪ. ಜಪಾನಿನವರು ಬೆಟ್ಟದ ಬಂಡೆ ಸಂದಿಗಳಲ್ಲಿ ಗಾಳಿ ಹಿಮಕ್ಕೆ ಸಿಕ್ಕಿ ಗಿಡ್ಡವಾದ ಮರಗಳನ್ನು ಹುಡುಕಿ ತರುತ್ತಿದ್ದರು, ಅದಕ್ಕೆ ಯಮಾದೋರಿ ಎನ್ನುತ್ತಾರೆ. ಹಿಮ ಅಲ್ಲಿ ಮಾಡುವ ಕೆಲಸವನ್ನು ನಮ್ಮಲ್ಲಿ ಮೇಕೆಗಳು ಮಾಡುತ್ತವೆ. ಮಳೆಗಾಲದ ಆರಂಭದಲ್ಲಿ ಮಣ್ಣಿನ ಹೆಂಟೆ ಸಮೇತ ಅದನ್ನು ಎಬ್ಬಿಸಿ ತಂದು, ಜರಡಿ ಹಿಡಿದ ಇಟ್ಟಿಗೆ ಚೂರು, ದಪ್ಪ ಮರಳು, ಎಲೆಗೊಬ್ಬರ ಬೆರೆಸಿದ ಬುಟ್ಟಿಯಲ್ಲಿ ನೆಟ್ಟೆ. ಚೇತರಿಸಿಕೊಂಡು ಚೆನ್ನಾಗಿ ಚಿಗುರುವವರೆಗೆ ಕತ್ತರಿ ಮುಟ್ಟಿಸಲಿಲ್ಲ.

ನನಗೆ ಕಲಿಸುತ್ತಿರುವ ಬೆಂಗಳೂರಿನ ಹಿರಿಯರು ಮೈಸೂರಿಗೆ ಬಂದಾಗ ಅದನ್ನು ತಿರುಗುಮಣೆಯ ಮೇಲಿಟ್ಟು ಅವರ ಮುಂದೆ ತಂದೆ. ಅವರು ಕುರ್ಚಿ ಎಳೆದುಕೊಂಡು, ಕಣ್ಣು ಕಾಂಡದ ಮಟ್ಟಕ್ಕೆ ಬರುವ ಹಾಗೆ ಕೂತರು.

“ಟೀಚರ್, ಇದರ ಮುಖ ಯಾವುದು?”

ಬೋನ್ಸಾಯ್‌ಗೆ ಮುಖವೊಂದಿರುತ್ತದೆ, ಯಾವ ಕಡೆಯಿಂದ ನೋಡಬೇಕೆಂದು ಮಾಡುವವರು ಮೊದಲೇ ನಿಶ್ಚಯಿಸಬೇಕು. ನಾನು ಕೊಂಬೆಗಳು ತುಂಬಿಕೊಂಡಿದ್ದ ಕಡೆಯನ್ನು ತೋರಿಸಿದೆ.

“ಕೊಂಬೆ ಆಮೇಲೆ ನೋಡೋಣ ಟೀಚರ್, ಅದು ಬರುತ್ತೆ ಹೋಗುತ್ತೆ. ಬುಡ ಎಲ್ಲಿ ಅಗಲವಾಗಿ ಕಾಣುತ್ತೆ ಹೇಳಿ. ಕಾಂಡ ಎಲ್ಲಿ ನಿಮ್ಮ ಕಡೆ ಬಾಗಿ ನಮಸ್ಕಾರ ಅನ್ನುತ್ತೆ ನೋಡಿ.”

ಮಣೆಯನ್ನು ಕಾಲುಭಾಗ ತಿರುಗಿಸಿದರು. ಅಲ್ಲಿ ಬುಡ ಒಂದಂಗುಲ ಹೆಚ್ಚು ಅಗಲ ಕಂಡಿತು. ಕಾಂಡ ಮೊದಲು ಬಲಕ್ಕೆ ವಾಲಿ, ಮೇಕೆ ಕಡಿದ ಜಾಗದಿಂದ ಎಡಕ್ಕೆ ಹೊರಳಿ, ನೆತ್ತಿಯಲ್ಲಿ ಮುಂದಕ್ಕೆ ಬಂದಿತ್ತು. ಬಲಗಡೆಯ ತಿರುವಿನ ಹೊರಮೈಯಲ್ಲಿ ಪೆನ್ಸಿಲ್ ಗಾತ್ರದ ಕೊಂಬೆಯೊಂದಿತ್ತು. ಕೊಂಬೆ ಯಾವಾಗಲೂ ತಿರುವಿನ ಹೊರಮೈಯಿಂದ ಹೊರಡಬೇಕು, ಒಳಮೈಯಿಂದಲ್ಲ. ನೆರಳು ಕವಿದ ಒಳಮೈಯ ಕೊಂಬೆ ಮುದಿ ಮರದಲ್ಲಿ ಉಳಿಯುವುದಿಲ್ಲ. ಹಾಗಾಗಿ ಮೊದಲ ಕೊಂಬೆ ಅದೇ ಎಂದು ತೀರ್ಮಾನವಾಯಿತು.

ಆಮೇಲೆ ವೈರಿಂಗ್. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪದ ಅಲ್ಯೂಮಿನಿಯಂ ತಂತಿ ಆರಿಸಿದೆವು. ತಂತಿಯನ್ನು ಮೊದಲು ಕಾಂಡಕ್ಕೆ ಒಂದು ಸುತ್ತು ಕೊಟ್ಟು ಭದ್ರಮಾಡಿ, ಅಲ್ಲಿಂದ ಕೊಂಬೆಯ ಮೇಲೆ 45 ಡಿಗ್ರಿ ಓರೆಯಲ್ಲಿ, ಸುತ್ತಿನಿಂದ ಸುತ್ತಿಗೆ ಒಂದೇ ಅಂತರ ಬಿಟ್ಟು ಸುತ್ತಬೇಕು. ಸಡಿಲವಾದರೆ ಕೊಂಬೆ ಬಗ್ಗಿದಲ್ಲಿ ನಿಲ್ಲುವುದಿಲ್ಲ, ಬಿಗಿಯಾದರೆ ತೊಗಟೆ ನಲುಗುತ್ತದೆ. ಬಗ್ಗಿಸುವ ಜಾಗದಲ್ಲಿ ತಂತಿಯ ಒಂದು ಸುತ್ತು ಬಾಗಿನ ಹೊರಮೈ ಮೇಲೆ ಬರುವ ಹಾಗೆ ನೋಡಿಕೊಳ್ಳಬೇಕು, ಕೊಂಬೆ ಸೀಳುವುದು ಅಲ್ಲೇ. ಎರಡೂ ಹೆಬ್ಬೆರಳನ್ನು ತಂತಿಯ ಮೇಲೆ ಒತ್ತಿ ಹಿಡಿದು ನಿಧಾನವಾಗಿ ಬಗ್ಗಿಸಿದೆ. ಹುಣಸೆಯ ಬಲಿತ ಕೊಂಬೆ ಬಲು ಗಡುಸು, ಹಸಿರು ಬಿಟ್ಟು ಕಂದು ಬಣ್ಣಕ್ಕೆ ತಿರುಗುತ್ತಿರುವಾಗಲೇ ಬಗ್ಗಿಸಿಕೊಳ್ಳಬೇಕು. ಒಳಗಿನ ನಾರು ಬಿಗಿಯುವುದು ಬೆರಳಿಗೆ ಗೊತ್ತಾಗುತ್ತದೆ. ಆ ಬಿಗಿತ ಹೆಚ್ಚಾದ ಕೂಡಲೇ ನಿಲ್ಲಿಸಿ, ಉಳಿದದ್ದನ್ನು ಕೆಲವು ವಾರಗಳ ನಂತರ ಮುಂದುವರಿಸಬೇಕು. ತಂತಿ ತೆಗೆಯುವಾಗ ಬಿಚ್ಚುವುದಿಲ್ಲ, ತುಂಡು ತುಂಡಾಗಿ ಕತ್ತರಿಸಿ ತೆಗೆಯುವುದು. ಮಳೆಗಾಲದಲ್ಲಿ ಆಲ, ಗೋಣಿಯಂಥ ಫೈಕಸ್ ಜಾತಿಯ ಗಿಡಕ್ಕೆ ತಂತಿ ಸುತ್ತಿದರೆ ವಾರ ವಾರವೂ ನೋಡುತ್ತಿರಬೇಕು, ಅಷ್ಟು ಬೇಗ ಊದಿ ತಂತಿ ಒಳಗೆ ಕಚ್ಚಿಕೊಳ್ಳುತ್ತದೆ.

ಎಷ್ಟು ಕೆಳಕ್ಕೆ ಬಗ್ಗಿಸಬೇಕು ಎಂದು ಕೇಳಿದಾಗ ಗುರುಗಳು ಕೊಟ್ಟ ಉತ್ತರ ನನ್ನ ಕಲಿಕೆಯ ದಾರಿಯನ್ನೇ ತಿರುಗಿಸಿತು. “ನೀವು ಹಿಮ ಬಿದ್ದ ಹುಣಸೆ ಎಲ್ಲಾದರೂ ನೋಡಿದ್ದೀರಾ? ಪೈನ್ ಥರ ಇಳಿಬಿಡಬೇಡಿ. ಒಂದ್ಸಲ ನಲ್ಲೂರಿಗೆ ಹೋಗಿ ಬನ್ನಿ.”

ನಲ್ಲೂರು ದೇವನಹಳ್ಳಿಯ ಹತ್ತಿರದ ಹಳ್ಳಿ. ಅಲ್ಲಿನ ಹುಣಸೆ ತೋಪನ್ನು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಹಳೆಯ ದೇವಸ್ಥಾನದ ಸುತ್ತ ಹರಡಿರುವ ಆ ತೋಪಿನಲ್ಲಿ ಸ್ಕೆಚ್ ಪುಸ್ತಕ ಹಿಡಿದು ಕೂತರೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ. ಮುದಿ ಹುಣಸೆಯ ಕೊಂಬೆ ಕಾಂಡದಿಂದ ಮೇಲ್ಮುಖವಾಗಿ ಹೊರಡುತ್ತದೆ, ಅಡ್ಡಕ್ಕೆ ತಿರುಗುತ್ತದೆ, ತನ್ನದೇ ಭಾರಕ್ಕೆ ಕೊನೆಯಲ್ಲಿ ಮಾತ್ರ ಬಾಗುತ್ತದೆ. ನೆತ್ತಿ ತ್ರಿಕೋನವಲ್ಲ, ದುಂಡು. ಎಷ್ಟೋ ಮರಗಳ ಕಾಂಡ ಟೊಳ್ಳು; ಒಳಗಿನ ಸತ್ತ ಕಟ್ಟಿಗೆ ಕೊಳೆತು ಹೋದ ಮೇಲೂ ಹೊರಗಿನ ಜೀವಂತ ಪದರ ಬಾಗಿ, ತಿರುಚಿ, ಮರವನ್ನು ಹೊತ್ತು ನಿಂತಿದೆ.

ಇಲ್ಲಿ ಜಪಾನಿನ ಇನ್ನೊಂದು ನಿಯಮ ನೆನಪಿಗೆ ಬರುತ್ತದೆ. ಜುನಿಪರ್ ಬೋನ್ಸಾಯ್‌ಗಳಲ್ಲಿ ಕೊಂಬೆಯ ತುದಿಯ ತೊಗಟೆ ಸುಲಿದು ಒಣಮರ ತೋರಿಸುವುದಕ್ಕೆ ಜಿನ್ ಎಂದೂ ಕಾಂಡದ ಮೇಲೆ ಒಣಮರದ ಪಟ್ಟೆ ಮಾಡುವುದಕ್ಕೆ ಶಾರಿ ಎಂದೂ ಹೆಸರು. ಸಿಡಿಲು, ಹಿಮ, ಬಂಡೆ ಉರುಳಿದ ಪೆಟ್ಟು ಬಿದ್ದ ಬೆಟ್ಟದ ಮರಗಳು ಹಾಗೇ ಇರುತ್ತವೆ. ಜುನಿಪರ್‌ನ ಅಂಟುತುಂಬಿದ ಕಟ್ಟಿಗೆ ಒಣಚಳಿಯಲ್ಲಿ ಬೆಳ್ಳಗೆ ಎಷ್ಟೋ ಕಾಲ ಉಳಿಯುತ್ತದೆ. ಅದನ್ನು ನೋಡಿ ನಮ್ಮವರು ಫೈಕಸ್ ಗಿಡಕ್ಕೆ ಶಾರಿ ಮಾಡುತ್ತಾರೆ. ಫೈಕಸ್‌ನ ಮೆತ್ತನೆಯ ಕಟ್ಟಿಗೆ ನಮ್ಮ ಮಳೆಗೆ ಬೇಗ ಕೊಳೆಯುತ್ತದೆ, ಗಿಡವೂ ಗಾಯವನ್ನು ಮುಚ್ಚಿಕೊಳ್ಳಲು ನೋಡುತ್ತದೆ. ಪೆಟ್ಟು ತಿಂದೂ ಬದುಕಿದ ಮರದ ಗುರುತು ಬೇಕು ಎನ್ನುವುದು ನಿಯಮದ ಒಳಗಿನ ಆಶಯ. ಹುಣಸೆಯಲ್ಲಿ ಆ ಆಶಯಕ್ಕೆ ಸರಿಹೊಂದುವುದು ಟೊಳ್ಳು. ನನ್ನ ಗಿಡದಲ್ಲಿ ಮೇಕೆ ಕಡಿದು ಒಣಗಿದ್ದ ಮೋಟನ್ನು ಸಪಾಟಾಗಿ ಕತ್ತರಿಸುವ ಬದಲು ಒಳಕ್ಕೆ ಕೊರೆದು ಪೊಟರೆ ಮಾಡಿದ್ದೇವೆ, ನೀರು ನಿಲ್ಲದ ಹಾಗೆ ಕೆಳಗೆ ಒಂದು ದಾರಿ ಬಿಟ್ಟಿದ್ದೇವೆ.

ಆಲದ ಮರಕ್ಕಂತೂ ಪೈನ್ ನಿಯಮಗಳನ್ನು ಹಾಗೇ ಹೇರಿದರೆ ಅನ್ಯಾಯ. ಕಾಂಡದ ಮೇಲುಭಾಗದಿಂದ ಹೊರಟ ಬೇರನ್ನು ಕತ್ತರಿಸಿ ತೆಗೆಯಿರಿ ಎನ್ನುತ್ತದೆ ಪಟ್ಟಿ. ಬೆಂಗಳೂರಿನ ಹತ್ತಿರ ರಾಮೋಹಳ್ಳಿಯ ದೊಡ್ಡ ಆಲದ ಮರ ಸುಮಾರು ಮೂರು ಎಕರೆ ಹಬ್ಬಿರುವುದೇ ಅಂಥ ಬೇರುಗಳಿಂದ. ಅದರ ಮೂಲ ಕಾಂಡ ಈಗಿಲ್ಲ, ಬಿಳಲುಗಳೇ ಕಾಂಡಗಳಾಗಿ ಮರ ನಡೆದಿದೆ. ಆದ್ದರಿಂದ ಆಲ, ಗೋಣಿ, ಸಣ್ಣೆಲೆಯ ಫೈಕಸ್ ಬೆಳೆಸುವವರು ಬಿಳಲನ್ನು ಕಾಪಾಡುತ್ತಾರೆ. ಜ್ಯೂಸ್ ಕುಡಿಯುವ ಸ್ಟ್ರಾವನ್ನು ಉದ್ದಕ್ಕೆ ಸೀಳಿ, ಎಳೆಯ ಬಿಳಲನ್ನು ಅದರೊಳಗಿಟ್ಟು, ಒದ್ದೆ ಪಾಚಿ ತುಂಬಿ ಮಣ್ಣಿನವರೆಗೆ ಇಳಿಸುತ್ತಾರೆ. ನೆಲ ಮುಟ್ಟಿದ ಮೇಲೆ ಅದು ದಪ್ಪಗಾಗುವುದನ್ನು ನೋಡುವುದೇ ಒಂದು ಹಬ್ಬ. ಆದರೆ ಎಲ್ಲ ಬಿಳಲನ್ನೂ ಬಿಟ್ಟರೆ ಗೋಜಲಾಗುತ್ತದೆ. ಯಾವುದನ್ನು ಉಳಿಸಬೇಕು ಎಂದು ಹೇಳುವುದು ಮತ್ತೆ ಹಳೆಯ ನಿಯಮಗಳೇ: ಒಂದರ ಮೇಲೊಂದು ಹೊರಳಬಾರದು, ಕಾಂಡದ ಮುಖ ಮುಚ್ಚಬಾರದು, ಸಮ ಅಂತರದಲ್ಲಿ ಸಾಲು ನಿಲ್ಲಬಾರದು.

ದಕ್ಷಿಣ ಆಫ್ರಿಕಾದವರು ಈ ದಾರಿಯಲ್ಲಿ ನಮಗಿಂತ ಮುಂದೆ ಹೋಗಿದ್ದಾರೆ. ಅವರ ಹುಲ್ಲುಗಾವಲಿನ ಜಾಲಿ ಜಾತಿಯ ಮರಗಳ ಚಪ್ಪಟೆ ಕೊಡೆಯಂಥ ನೆತ್ತಿಯನ್ನೇ ಒಂದು ಶೈಲಿಯಾಗಿಸಿ, ಆ ಮರಗಳನ್ನು ಬರೆದ ಚಿತ್ರಕಾರ ಪೀರ್ನೀಫ್ ಹೆಸರನ್ನು ಇಟ್ಟಿದ್ದಾರೆ. ನೆತ್ತಿ ದುಂಡಾಗಿರಬೇಕು ಇಲ್ಲವೇ ಚೂಪಾಗಿರಬೇಕು ಎಂಬ ಪಟ್ಟಿಗೆ ಹೀಗೆ ಇನ್ನೊಂದು ಸೇರಿತು. ಕಬ್ಬನ್ ಪಾರ್ಕಿನ ಮಳೆಮರಗಳು, ಬಯಲುಸೀಮೆಯ ಬನ್ನಿ ಮತ್ತು ಜಾಲಿ, ಸವಣೂರಿನ ದೊಡ್ಡ ಹುಣಸೆ ಎಂದು ಜನ ಕರೆಯುವ ಬಾವೋಬಾಬ್ ಮರಗಳು ನಮ್ಮಲ್ಲೂ ಇವೆ. ಇವುಗಳಿಗೆ ತಕ್ಕ ಶೈಲಿಗಳನ್ನು ಕಟ್ಟುವುದು ಕನ್ನಡನಾಡಿನ ಬೋನ್ಸಾಯ್ ಪ್ರಿಯರ ಹೊಣೆ ಎಂದು ನಾನು ನಂಬಿದ್ದೇನೆ. ಜಪಾನಿನ ಪಟ್ಟಿಯನ್ನು ಬಿಸಾಡಿ ಇದನ್ನು ಮಾಡಲಾಗದು. ಕಾಂಡದ ಇಳಿಜಾರು, ಬುಡದ ಹರವು, ಕೊಂಬೆಗಳ ನಡುವೆ ಗಾಳಿಗೆ ಹಕ್ಕಿಗೆ ದಾರಿ, ಇವು ಎಲ್ಲ ಮರಕ್ಕೂ ಸಲ್ಲುತ್ತವೆ. ಜಗ್ಗಿದ ಕೊಂಬೆ, ತ್ರಿಕೋನದ ಆಕಾರ, ಬಿಳಿ ಒಣಮರ ಚಳಿನಾಡಿನ ಮರಕ್ಕೆ ಸೇರಿದವು. ಯಾವುದು ಯಾವ ಗುಂಪಿನದೆಂದು ತಿಳಿಯಬೇಕಾದರೆ ಮೊದಲು ಅವನ್ನೆಲ್ಲ ಕಲಿತಿರಬೇಕು. ಕಲಿಯದೆ ಮುರಿದವರ ಗಿಡಗಳನ್ನು ಪ್ರದರ್ಶನಗಳಲ್ಲಿ ಬಹಳ ನೋಡಿದ್ದೇನೆ. ಅವು ಕುಂಡದಲ್ಲಿರುವ ಗಿಡಗಳಾಗಿ ಕಾಣುತ್ತವೆಯೇ ಹೊರತು ಮರವಾಗಿ ಕಾಣುವುದಿಲ್ಲ.

ಕಲಿಯಲು ಮನಸ್ಸಿರುವವರು ಲಾಲ್‌ಬಾಗಿನ ಜನವರಿ ಮತ್ತು ಆಗಸ್ಟ್ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ಹೂವಿನ ಗೋಪುರದ ಮುಂದಿನ ಜನಜಂಗುಳಿ ಬಿಟ್ಟು ಬೋನ್ಸಾಯ್ ಇಟ್ಟಿರುವ ಕಡೆಗೆ ಬನ್ನಿ. ಮೈಸೂರಿನವರಿಗೆ ಗಣಪತಿ ಸಚ್ಚಿದಾನಂದ ಆಶ್ರಮದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ವನ ಕೈಯಳತೆಯಲ್ಲೇ ಇದೆ. ಅಲ್ಲಿ ಒಂದೊಂದು ಮರದ ಮುಂದೆಯೂ ಬಗ್ಗಿ, ಕಣ್ಣನ್ನು ಕಾಂಡದ ಮಟ್ಟಕ್ಕೆ ತಂದು ನೋಡಿ. ಮೇಲಿನಿಂದ ನೋಡಿದರೆ ಗಿಡ, ಎದುರಿನಿಂದ ನೋಡಿದರೆ ಮರ. ಅದಕ್ಕೂ ಮೊದಲು ನಿಮ್ಮೂರಿನ ಒಂದು ಹಳೆಯ ಮರವನ್ನು ಆರಿಸಿಕೊಂಡು ಅದರ ಮೊದಲ ಕೊಂಬೆ ಎಷ್ಟು ಎತ್ತರದಲ್ಲಿದೆ, ಯಾವ ಕಡೆಗೆ ಹೋಗಿದೆ, ನೆತ್ತಿಯ ಆಕಾರವೇನು ಎಂದು ಕಾಗದದ ಮೇಲೆ ಬರೆದುಕೊಳ್ಳಿ, ಚಿತ್ರ ಚೆನ್ನಾಗಿ ಬರದಿದ್ದರೂ ಅಡ್ಡಿಯಿಲ್ಲ. ಮೊದಲ ಗಿಡವಾಗಿ ದುಬಾರಿಯ ಜುನಿಪರ್ ಕೊಳ್ಳಬೇಡಿ, ನಮ್ಮ ಬೇಸಿಗೆಯಲ್ಲಿ ಅದನ್ನು ಉಳಿಸಿಕೊಳ್ಳುವುದು ಹೊಸಬರಿಗೆ ಕಷ್ಟ. ಸಣ್ಣೆಲೆಯ ಫೈಕಸ್ ಒಂದನ್ನು, ಬುಡ ನೋಡಿ, ಮುಂಗಾರು ಹಿಡಿಯುವ ಹೊತ್ತಿಗೆ ತನ್ನಿ. ಬೇರು ಕತ್ತರಿಸಿ ತಟ್ಟೆಗೆ ಕೂರಿಸಲು ಅದಕ್ಕೆ ಆ ಕಾಲವೇ ಸರಿ.